ಹದಿನಾಲ್ಕನೇ ಪಿನ್: ಸೌಂಡ್‌ಬಾರ್ ಕೆಲಸ, ಮೂರನೇ ಕಂತು

ಸದ್ದು ಬಂತು! ಹನ್ನೊಂದು ದಿನ ಒದ್ದಾಡಿದ ಮೇಲೆ, ನಿನ್ನೆ ರಾತ್ರಿ ಒಂಬತ್ತೂವರೆಗೆ ನಮ್ಮ ಸೌಂಡ್‌ಬಾರ್ (ಟಿವಿ ಜೊತೆಗಿಡುವ ಉದ್ದನೆಯ ಸ್ಪೀಕರ್) ಎಚ್‌ಡಿಎಂಐ ಎಆರ್‌ಸಿಯಲ್ಲಿ, ಅಂದರೆ ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್ಲಿನಲ್ಲೇ ಬಾರ್‌ಗೆ ವಾಪಸ್ ಕಳಿಸುವ ದಾರಿಯಲ್ಲಿ, ಬಾಯಿ ಬಿಟ್ಟಿತು. ಬ್ರಾಕೆಟ್ ಹೊಡೆದದ್ದು, ಸಬ್‌ವೂಫರ್‌ಗೆ ಜಾಗ ಹುಡುಕಿದ್ದು ಎಲ್ಲ ಹಿಂದಿನ ಕಂತುಗಳಲ್ಲಿ ಹೇಳಿದ್ದೇ, ಬಿಡಿ. ಇವತ್ತು ಬರೀ ಒಂದು ತಂತಿಯ ಕಥೆ.

ತೊಂದರೆ ಹೀಗಿತ್ತು. ಟಿವಿ ಆನ್ ಮಾಡಿದರೆ ಬಾರ್ ಕೂಡ ತಾನಾಗಿ ಆನ್ ಆಗುತ್ತಿತ್ತು. ಟಿವಿ ರಿಮೋಟ್‌ನಲ್ಲಿ ವಾಲ್ಯೂಮ್ ಒತ್ತಿದರೆ ಬಾರ್ ಮೇಲಿನ ಅಂಕಿ 12, 13, 14 ಅಂತ ಏರುತ್ತಿತ್ತು. ಸದ್ದು ಮಾತ್ರ ಇಲ್ಲವೇ ಇಲ್ಲ. ಎಆರ್‌ಸಿ ಅಂತ ಬರೆದ ಪೋರ್ಟಿಗೇ ಹಾಕಿದ್ದೆ. ಟಿವಿಯ ಸದ್ದಿನ ಸೆಟ್ಟಿಂಗ್‌ನಲ್ಲಿ ಪಿಸಿಎಂ, ಬಿಟ್‌ಸ್ಟ್ರೀಮ್, ಆಟೋ ಮೂರೂ ನೋಡಿದ್ದೆ.

ಆಪ್ಟಿಕಲ್ (ಸದ್ದನ್ನು ಬೆಳಕಾಗಿ ಒಯ್ಯುವ ಬೇರೆ ಕೇಬಲ್) ಹಾಕಿದರೆ ಚೆನ್ನಾಗಿ ಕೇಳಿಸುತ್ತಿತ್ತು. ಅಲ್ಲಿಗೇ ಬಿಡಬಹುದಿತ್ತು ಅಲ್ವಾ? ಮನಸ್ಸು ಒಪ್ಪಲಿಲ್ಲ. ಆಪ್ಟಿಕಲ್‌ನಲ್ಲಿ ಸದ್ದು ಹೋಗುತ್ತದೆ, ರಿಮೋಟಿನ ಮಾತು ಹೋಗುವುದಿಲ್ಲ. ಅಮ್ಮನಿಗೆ 74 ವರ್ಷ, ಕಿವಿ ಸ್ವಲ್ಪ ಮಂದ. ಟಿವಿಯ ಸ್ಪೀಕರ್ ಗೋಡೆ ಕಡೆಗೆ ತಿರುಗಿದೆ, ವಾರ್ತೆ ಓದುವವರ ಮಾತು ಅವರಿಗೆ ಬರೀ ಗುಂಯ್ ಅನ್ನುತ್ತಿತ್ತು. ಬಾರ್ ತಂದದ್ದೇ ಅದಕ್ಕೆ. ಸೆಟ್‌ಟಾಪ್ ಬಾಕ್ಸಿಗೊಂದು, ಟಿವಿಗೊಂದು ರಿಮೋಟ್ ಆಗಲೇ ಇದೆ. ಮೂರನೆಯದನ್ನು ಅವರ ಕೈಗೆ ಕೊಡಬಾರದು ಅಂತ ನನ್ನ ಹಟ.

ಬಾರ್ ಕಂಪನಿಯವರಿಗೆ ಫೋನ್ ಮಾಡಿದರೆ ಟಿವಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಅಂದರು. ಟಿವಿಯವರು ಬಾರ್ ರೀಸೆಟ್ ಮಾಡಿ ಅಂದರು. ಸುಮ್ನೆ ನಾಲ್ಕು ದಿನ ಹೋಯಿತು. ಕೇಬಲ್ ಯಾವುದು, ಎಷ್ಟು ಹಳೆಯದು ಅಂತ ಒಬ್ಬರೂ ಕೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಟಿವಿಯಿಂದ ಬಾರ್‌ಗೆ ಹೋಗುವ ಆ ಎಚ್‌ಡಿಎಂಐ ಕೇಬಲ್ 2010ರಲ್ಲಿ ಮನೆ ಕಟ್ಟುವಾಗ ಗೋಡೆಯೊಳಗಿನ ಪೈಪಿನಲ್ಲಿ ಎಳೆಸಿದ್ದು. ಅನುಮಾನ ಬಂದು ಸೆಟ್‌ಟಾಪ್ ಬಾಕ್ಸನ್ನು ಅದೇ ಕೇಬಲ್ಲಿಗೆ ಹಾಕಿ ನೋಡಿದ್ದೆ. ಚಿತ್ರ, ಸದ್ದು ಎರಡೂ ಸರಿ ಇತ್ತು. ಕೇಬಲ್ ಚೆನ್ನಾಗಿದೆ ಅಂದುಕೊಂಡೆ. ದಾರಿ ತಪ್ಪಿಸಿದ್ದೇ ಈ ಪರೀಕ್ಷೆ.

ಯಾಕೆ ಅಂದರೆ, ಪ್ಲಗ್‌ನಲ್ಲಿರುವ 19 ಪಿನ್‌ಗಳಲ್ಲಿ 1ರಿಂದ 12ರವರೆಗೆ ಚಿತ್ರದ್ದು. ಬಾಕ್ಸಿನಿಂದ ಟಿವಿಗೆ ಬರುವ ಸದ್ದೂ ಚಿತ್ರದ ಜೊತೆಗೇ ಅದರಲ್ಲೇ ಬರುತ್ತದೆ. ರಿಮೋಟಿನ ಮಾತು, ಅಂದರೆ ಸಿಇಸಿ, 13ರಲ್ಲಿ. ಟಿವಿಯಿಂದ ಬಾರ್‌ಗೆ ವಾಪಸ್ ಹೋಗುವ ಎಆರ್‌ಸಿ ಸದ್ದಿಗೆ ಬೇಕಾದದ್ದು 14. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರಲ್ಲಿ. ಅದಕ್ಕೂ ಮುಂಚೆ 14 ಕೆಲಸವಿಲ್ಲದೆ ಕಾದಿರಿಸಿದ ಪಿನ್. ಅಲ್ಲಿ ತಂತಿ ಹಾಕದೆ ದುಡ್ಡು ಉಳಿಸಿದ್ದರೂ ಆಗ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇದು ಹೊಳೆದ ಮರುದಿನವೇ ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಕೇಬಲ್ಲಿನ ಎರಡು ತುದಿಗೆ ಅಂತ ಎರಡು ಎಚ್‌ಡಿಎಂಐ ಬ್ರೇಕ್‌ಔಟ್ ಬೋರ್ಡ್ (ಒಂದೊಂದು ಪಿನ್ನನ್ನೂ ಬೇರೆ ಬೇರೆಯಾಗಿ ಮುಟ್ಟಲು ಸಿಗುವಂತೆ ಮಾಡುವ ಚಿಕ್ಕ ಹಲಗೆ) ತಂದೆ. ಮನೆಗೆ ಬಂದು ನೋಡಿದರೆ ಒಂದರಲ್ಲಿ ಪಿನ್ ನಂಬರೇ ಇಲ್ಲ. ಭೂತಗನ್ನಡಿ ಹಿಡಿದು ಎಣಿಸಿ, ನಾನೇ ಪೆನ್ನಿನಲ್ಲಿ ಬರೆದೆ. ಅಂಗಡಿಯವರೇ, ಅಷ್ಟು ದುಡ್ಡು ತಗೊಂಡು ನಂಬರ್ ಇರುವ ಬೋರ್ಡ್ ಕೊಡಬಾರದಾ?

ಎರಡು ತುದಿಯ ನಡುವೆ ತಂತಿ ಇದ್ದರೆ ಮಲ್ಟಿಮೀಟರ್ ಬೀಪ್ ಅನ್ನುತ್ತದೆ. ಅದರ ತಂತಿ ಸಾಲಲಿಲ್ಲ, ಎರಡು ಮೀಟರ್ ವೈರ್ ಸೇರಿಸಿದೆ. ಮಗಳು ಸ್ಟೂಲ್ ಹತ್ತಿ ಟಿವಿ ಹಿಂದೆ ಕೈ ಹಾಕಿದಳು, ನಾನು ಕೆಳಗೆ ಶೋಕೇಸ್ ಹತ್ತಿರ ಕೂತೆ. ಅವಳು ಒಂದೊಂದೇ ನಂಬರ್ ಕೂಗುತ್ತಾ ಬಂದಳು. ಹನ್ನೆರಡು, ಬೀಪ್. ಹದಿಮೂರು, ಬೀಪ್. ಹದಿನಾಲ್ಕು... ಮೀಟರ್ ಸುಮ್ಮನಿತ್ತು. 'ಅಪ್ಪಾ, ಹದಿನಾಲ್ಕು!' ಅಂತ ಇನ್ನೊಂದು ಸಲ ಕೂಗಿದಳು. ಆಗಲೂ ಇಲ್ಲ. ಹದಿನೈದಕ್ಕೆ ಮತ್ತೆ ಬೀಪ್. ನನಗೆ ಆದ ಖುಷಿ ಹೇಳತೀರದು.

ಹೊಸ ಕೇಬಲ್ ಬರಲು ಮೂರು ದಿನ ಬೇಕಾಯಿತು. ಆ ಹೊತ್ತಿನಲ್ಲಿ ಅಟ್ಟದಿಂದ ಅಪ್ಪನ ವಾಲ್ವ್ ರೇಡಿಯೋ ಇಳಿಸಿದೆ. ಹಿಂದೆ ಗ್ರಾಮಫೋನಿಗೆ ಅಂತ ಪಿಕಪ್ ಸಾಕೆಟ್ ಇದೆ. ಅದಕ್ಕೆ ಫೋನಿನ ಸದ್ದು ಕೊಡುವುದು ಮುಂದಿನ ಕೆಲಸ. ಆದರೆ ಹಳೆಯ ಕೆಲವು ಸೆಟ್‌ಗಳಲ್ಲಿ ಚಾಸಿಯಲ್ಲೇ (ಒಳಗಿನ ಲೋಹದ ಚೌಕಟ್ಟಿನಲ್ಲೇ) ಮೇನ್ಸ್ ಕರೆಂಟ್ ಇರುತ್ತದೆ. ಸೆಟ್ಟನ್ನು ಮನೆಯ ಮೇನ್ಸ್‌ನಿಂದ ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಸಿಗುವವರೆಗೆ ಪ್ಲಗ್ ಹಾಕುವುದಿಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಹೇಳಿ.

ಕೇಬಲ್ ಕೊಳ್ಳುವಾಗ ಡಬ್ಬಿ ಮೇಲೆ 'ವಿತ್ ಈಥರ್ನೆಟ್' ಅಂತ ಇದೆಯಾ ನೋಡಿ. ಎಚ್‌ಡಿಎಂಐ ಈಥರ್ನೆಟ್ಟಿಗೆ, ಅಂದರೆ ಅದೇ ಕೇಬಲ್ಲಿನಲ್ಲಿ ನೆಟ್‌ವರ್ಕ್ ಒಯ್ಯುವುದಕ್ಕೆ, 14 ಮತ್ತು 19 ಬೇಕೇ ಬೇಕು, ಹಾಗಾಗಿ ಅಲ್ಲಿ ತಂತಿ ಇರಲೇಬೇಕು. ಆದರೂ ಪೈಪಿಗೆ ಹಾಕುವ ಮೊದಲು ಮೀಟರ್ ಹಿಡಿದು ನೋಡಿದೆ. ಹಳೇ ಕೇಬಲ್ಲಿನ ತುದಿಗೆ ಹೊಸದನ್ನು ಕಟ್ಟಿ, ಟೇಪ್ ಸುತ್ತಿ, ಪೌಡರ್ ಸವರಿ ಎಳೆದೆವು. ತಿರುವಿನಲ್ಲಿ ಪ್ಲಗ್ ಸಿಕ್ಕಿಕೊಂಡಿತು. ಗೋಡೆ ಒಡೆಯಬೇಕೇನೋ ಅಂತ ಎದೆ ಹೊಡೆದುಕೊಂಡಿತು. ಅರ್ಧ ಗಂಟೆ ಹಿಂದೆ ಮುಂದೆ ಆಡಿಸಿದ ಮೇಲೆ ಜಾರಿ ಬಂತು.

ಅಮ್ಮ ಟಿವಿ ರಿಮೋಟ್ ತಗೊಂಡು ವಾಲ್ಯೂಮ್ ಏರಿಸಿದರು. 'ಈಗ ಕೇಳಿಸ್ತಿದೆ ಕಣೋ' ಅಂದರು. ನನಗೆ ಬೇಕಿದ್ದದ್ದು ಅಷ್ಟೇ.

ಇವತ್ತು ಬೆಳಿಗ್ಗೆ ಹಳೇ ಕೇಬಲ್ಲನ್ನು ಕತ್ತರಿಸಿ ನೋಡಿದೆ. ಬೆಳ್ಳಿ ಹಾಳೆ ಸುತ್ತಿದ ನಾಲ್ಕು ಜೋಡಿ ಇದ್ದವು. ಪಕ್ಕದಲ್ಲಿ 13ರಿಂದ 19ರವರೆಗಿನ ಪಿನ್‌ಗಳಿಗೆ ಬಿಡಿ ತಂತಿಗಳು ಏಳು ಇರಬೇಕಿತ್ತು. ಎಣಿಸಿದರೆ ಆರೇ.