ಯಾವ ಹೀಲರ್ ಆಗಲಿ ಅಂತ ಕೇಳುವವರಿಗೆ

ಆನ್‌ಲೈನ್ ಆಟಗಳಲ್ಲಿ ಹೀಲರ್, ಅಂದರೆ ಜೊತೆಗಾರರ ಪ್ರಾಣ ಉಳಿಸುವವನು, ಆಗಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಈಗ ಯಾವ ಹೀಲರ್ ಬೆಸ್ಟ್?" ನಾನೂ ಅದನ್ನೇ ಕೇಳಿದ್ದೆ. ಉತ್ತರವೂ ಸಿಕ್ಕಿತ್ತು. ಯಾರೋ ಮಾಡಿಟ್ಟ ಪಟ್ಟಿಯಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಡಿಸಿಪ್ಲಿನ್ ಪ್ರೀಸ್ಟ್ ಎಲ್ಲರಿಗಿಂತ ಮೇಲೆ ಕೂತಿತ್ತು. ಸರಿ, ಅದೇ ಆಗಲಿ ಅಂತ ಪ್ರೀಸ್ಟ್ ಮಾಡಿಕೊಂಡೆ. ಲೆವೆಲ್ ಏರಿಸಿದೆ, ಗೇರ್ ಹೊಂದಿಸಿದೆ, ಒಂದು ಡಂಜನ್‌ಗೆ ಹೋದೆ.

ಡಂಜನ್ ಅಂದರೆ ಐದು ಜನ ಸೇರಿ ಶತ್ರುಗಳನ್ನು ಎದುರಿಸುವ ಜಾಗ. ಏಟು ತಿನ್ನಲು ಒಬ್ಬ ಟ್ಯಾಂಕ್, ಏಟು ಕೊಡಲು ಮೂವರು, ಇವರನ್ನೆಲ್ಲ ಬದುಕಿಸಿಡಲು ಒಬ್ಬ ಹೀಲರ್. ಮೊದಲ ಬಾಸ್, ಅಂದರೆ ಅಲ್ಲಿನ ದೊಡ್ಡ ಶತ್ರು, ಹೇಗೋ ಮುಗಿಯಿತು. ಎರಡನೆಯದು ಆಗಾಗ ನೆಲಕ್ಕೆ ಗುದ್ದುತ್ತಿತ್ತು, ಗುದ್ದಿದಾಗ ಐದೂ ಜನಕ್ಕೆ ಒಟ್ಟಿಗೆ ಏಟು. ಹಾಗೊಂದು ಗುದ್ದು ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಐದು ಹೆಲ್ತ್ ಬಾರ್‌ಗಳೂ ಒಂದೇ ಸಲ ಕಾಲು ಭಾಗಕ್ಕೆ ಇಳಿದವು. ಗಾಬರಿಯಲ್ಲಿ ಟ್ಯಾಂಕ್‌ಗೆ ಒಂದು ಹೀಲ್ ಹಾಕಿದೆ. ಅದು ಮುಗಿಯುವಷ್ಟರಲ್ಲಿ ಏಟು ಕೊಡುವವರಲ್ಲಿ ಒಬ್ಬನಾದ ಮೇಜ್ ಸತ್ತ. ಮೇಜ್ ಕಡೆ ತಿರುಗುವಷ್ಟರಲ್ಲಿ ರೋಗ್ ಸತ್ತ, ಮೂರನೆಯವನೂ ಸತ್ತ. ಆಮೇಲೆ ನಾನೇ ಸತ್ತೆ. ಟ್ಯಾಂಕ್ ಪಾಪ ಒಬ್ಬನೇ ಇನ್ನೊಂದಿಷ್ಟು ಹೊತ್ತು ಒದೆ ತಿಂದು ಮಲಗಿದ. ಚಾಟ್‌ನಲ್ಲಿ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಬಂತು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಪಟ್ಟಿ ಸುಳ್ಳು ಹೇಳಿರಲಿಲ್ಲ. ಡಿಸಿಪ್ಲಿನ್ ಪ್ರೀಸ್ಟ್ ಗಟ್ಟಿ ಹೀಲರ್, ಆದರೆ ಅದರ ಕೆಲಸವೆಲ್ಲ ಏಟು ಬೀಳುವ ಮುಂಚೆ. ಮೊದಲು ಒಬ್ಬೊಬ್ಬರ ಮೇಲೂ ಅಟೋನ್‌ಮೆಂಟ್ ಅನ್ನೋದನ್ನು ಹಚ್ಚಿಡಬೇಕು, ಅದು ಇರುವುದು ಹದಿನೈದು ಸೆಕೆಂಡ್ ಅಷ್ಟೇ. ಅಷ್ಟರೊಳಗೆ ನೀವು ಬಾಸ್‌ಗೆ ಹೊಡೆಯುವ ಡ್ಯಾಮೇಜ್ ಹೀಲ್ ಆಗಿ ಅವರಿಗೆಲ್ಲ ಹೋಗುತ್ತದೆ. ಅಂದರೆ ದೊಡ್ಡ ಏಟು ಯಾವ ಕ್ಷಣಕ್ಕೆ ಬೀಳುತ್ತದೆ ಅಂತ ಗೊತ್ತಿದ್ದರೆ, ಅದಕ್ಕೂ ಕೆಲವು ಸೆಕೆಂಡ್ ಮೊದಲೇ ಎಲ್ಲ ಹಚ್ಚಿಟ್ಟುಕೊಂಡು, ಏಟು ಬಿದ್ದ ತಕ್ಷಣ ಬಾಸ್ ಮೇಲೆ ಮುಗಿಬಿದ್ದರೆ, ಇಳಿದ ಬಾರ್‌ಗಳೆಲ್ಲ ತಾವಾಗಿ ಮೇಲೇರುತ್ತವೆ. ನೋಡಲು ಚೆಂದ. ಗೊತ್ತಿಲ್ಲದವನ ಕೈಯಲ್ಲಿ ಅದು ಬರೀ ದೀಪಾಲಂಕಾರ.

ಈಗ ಯಾರಾದರೂ ಯಾವ ಹೀಲರ್ ಆಗಲಿ ಅಂತ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ನಿಮಗೆ ಏಟು ಬೀಳುವ ಮುಂಚೆ ಯೋಚಿಸುವುದು ಇಷ್ಟವಾ, ಬಿದ್ದ ಮೇಲೆ ಓಡುವುದು ಇಷ್ಟವಾ? ಆಟವನ್ನು ತಿದ್ದುವ ಪ್ಯಾಚ್ ಬಂದಾಗಲೆಲ್ಲ ಪಟ್ಟಿ ತಲೆಕೆಳಗಾಗುತ್ತದೆ. ನಿಮ್ಮ ಸ್ವಭಾವ ಅಷ್ಟು ಬೇಗ ಬದಲಾಗುವುದಿಲ್ಲ, ಅಲ್ವಾ?

ನಾನು ಎರಡನೇ ಜಾತಿಯವನು. ಅದು ಗೊತ್ತಾಗಿದ್ದು ಅದೇ ಆಟದ ಇನ್ನೊಂದು ಹೀಲರ್, ಶಾಮನ್, ನನ್ನ ಕೈಗೆ ಸಿಕ್ಕಿದ ದಿನ. ಚೈನ್ ಹೀಲ್ ಅಂತ ಒಂದು ಸ್ಪೆಲ್ ಇದೆ, ಒಬ್ಬನಿಗೆ ಹಾಕಿದರೆ ಅವನಿಂದ ಪಕ್ಕದವನಿಗೆ, ಅವನಿಂದ ಇನ್ನೊಬ್ಬನಿಗೆ ಹಾರುತ್ತಾ ಹೋಗುತ್ತದೆ. ಹಾರಿದಂತೆ ಸ್ವಲ್ಪ ಸ್ವಲ್ಪ ಸೊರಗುತ್ತದೆ, ಪರವಾಗಿಲ್ಲ. ಅದಕ್ಕಿಂತ ಮುಖ್ಯವಾದದ್ದು ಹೀಲ್ ಮಾಡುವ ಶಾಮನ್‌ನ, ಅಂದರೆ ರೆಸ್ಟೊರೇಶನ್ ಶಾಮನ್‌ನ, ಮಾಸ್ಟರಿ ಅನ್ನೋ ವಿಶೇಷ ಗುಣ: ಎದುರಿಗಿರುವವನ ಹೆಲ್ತ್ ಎಷ್ಟು ಕಡಿಮೆ ಇದೆಯೋ ನಿಮ್ಮ ಹೀಲ್ ಅಷ್ಟು ಜೋರು. ಸಾಯೋ ಸ್ಥಿತಿಯಲ್ಲಿ ಇರುವವನನ್ನು ಎಳೆದು ತರುವುದಕ್ಕೇ ಮಾಡಿದ ಹಾಗಿದೆ. ಕೊನೇ ಗಳಿಗೆಯಲ್ಲಿ ಎಲ್ಲ ಕೆಲಸ ಮಾಡುವ ನನ್ನಂಥವನಿಗೆ ಇನ್ನೇನು ಬೇಕು! ಅದೇ ಡಂಜನ್‌ನ ಅದೇ ಬಾಸ್ ಗುದ್ದಿದಾಗ ಬಾರ್‌ಗಳು ಹಾಗೇ ಇಳಿದವು, ನನ್ನ ಎದೆಯೂ ಹಾಗೇ ಹೊಡೆದುಕೊಂಡಿತು, ಆದರೆ ಎರಡು ಚೈನ್ ಹೀಲ್‌ಗೆ ಎಲ್ಲರೂ ಮೇಲೆ ಬಂದರು.

ಡ್ರೂಯಿಡ್ ಮತ್ತೆ ಮೊದಲನೇ ಗುಂಪಿಗೇ ಹತ್ತಿರ. ಅದರ ಹೀಲ್ ಒಮ್ಮೆಲೇ ಸುರಿಯುವುದಿಲ್ಲ, ಹನಿ ಹನಿಯಾಗಿ ತೊಟ್ಟಿಕ್ಕುತ್ತದೆ. ರಿಜುವನೇಶನ್ ಹಾಕಿದರೆ ಹತ್ತು ಹದಿನೈದು ಸೆಕೆಂಡ್ ಕಾಲ ಹೆಲ್ತ್ ಏರುತ್ತಿರುತ್ತದೆ. ಓಡುತ್ತಾ ಹಾಕಬಹುದು, ನಿಲ್ಲಬೇಕಾಗಿಲ್ಲ, ಅದು ದೊಡ್ಡ ಸುಖ. ಆದರೆ ಹತ್ತಿಪ್ಪತ್ತು ಜನ ಸೇರಿ ಆಡುವ ರೇಡ್‌ನಲ್ಲಿ ನೀವು ಹಚ್ಚಿಟ್ಟ ಹನಿ ತೊಟ್ಟಿಕ್ಕುವ ಮೊದಲೇ ಪಕ್ಕದ ಪ್ಯಾಲಡಿನ್ ಒಂದೇ ಏಟಿಗೆ ಆ ಬಾರ್ ತುಂಬಿಸಿಬಿಡುತ್ತಾನೆ. ನಿಮ್ಮದು ಪೂರ್ತಿ ಓವರ್‌ಹೀಲ್, ನೀರಿನಲ್ಲಿ ಹೋಮ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳುವವರು ಡ್ರೂಯಿಡ್ ಆಗಬೇಡಿ. ಹಚ್ಚಿಕೊಳ್ಳದವರು ಆಗಿ, ಯಾಕೆಂದರೆ ಜಗಳದ ನಡುವೆಯೇ ಸತ್ತವನನ್ನು ಎಬ್ಬಿಸುವ ತಾಕತ್ತು ಎಲ್ಲ ಹೀಲರ್‌ಗೂ ಇರುವುದಿಲ್ಲ, ಡ್ರೂಯಿಡ್‌ಗೆ ಇದೆ.

ಪ್ಯಾಲಡಿನ್ ಬಗ್ಗೆ ಜಾಸ್ತಿ ಹೇಳಲ್ಲ. ಟ್ಯಾಂಕ್ ಮೇಲೆ ಬೀಕನ್ ಇಟ್ಟರೆ ನೀವು ಬೇರೆಯವರಿಗೆ ಹಾಕಿದ ಹೀಲ್‌ನ ಒಂದು ಪಾಲು ಅವನಿಗೂ ಹೋಗುತ್ತದೆ. ದೂರ ನಿಂತು ಬಾರ್ ನೋಡುವ ಆಟ ಬೇಡ, ಶತ್ರುವಿನ ಮೂಗಿನ ಕೆಳಗೇ ನಿಲ್ಲಬೇಕು ಅನ್ನುವವರಿಗೆ ಸರಿ. ಇನ್ನು ಪ್ರೀಸ್ಟ್‌ನ ಇನ್ನೊಂದು ಬಗೆಯಾದ ಹೋಲಿ ಪ್ರೀಸ್ಟ್ ಸತ್ತ ಮೇಲೂ ಕೆಲವು ಸೆಕೆಂಡ್ ಆತ್ಮವಾಗಿ ನಿಂತು ಪುಕ್ಕಟೆ ಹೀಲ್ ಮಾಡುತ್ತಾನೆ, ಇಷ್ಟು ಕರ್ತವ್ಯನಿಷ್ಠೆ ಇನ್ನೆಲ್ಲೂ ನೋಡಿಲ್ಲ. ಅಂದಹಾಗೆ 2004ರಲ್ಲಿ ಆಟ ಶುರುವಾದಾಗ ಇಷ್ಟು ಆಯ್ಕೆ ಇರಲಿಲ್ಲ, ಆಟದ ಎರಡು ಪಕ್ಷಗಳಲ್ಲಿ ಪ್ಯಾಲಡಿನ್ ಅಲಯನ್ಸ್‌ನವರಿಗೆ ಮಾತ್ರ, ಶಾಮನ್ ಹೋರ್ಡ್‌ನವರಿಗೆ ಮಾತ್ರ. 2007ರಲ್ಲಿ ಬರ್ನಿಂಗ್ ಕ್ರುಸೇಡ್ ಅನ್ನೋ ವಿಸ್ತರಣೆ ಬಂದ ಮೇಲಷ್ಟೇ ಎರಡೂ ಕಡೆಗೆ ಎರಡೂ ಸಿಕ್ಕಿದ್ದು.

ಮುಂಚೆಯೇ ಯೋಚಿಸುವ ಹೀಲಿಂಗ್ ಹೊಸದೇನೂ ಅಲ್ಲ. 1999ರ ಎವರ್‌ಕ್ವೆಸ್ಟ್ ಆಟದಲ್ಲಿ ಕ್ಲೆರಿಕ್ ಅನ್ನೋ ಹೀಲರ್‌ಗೆ ಕಂಪ್ಲೀಟ್ ಹೀಲ್ ಅಂತ ಒಂದು ಸ್ಪೆಲ್ ಇತ್ತು. ಹಾಕಲು ಹತ್ತು ಸೆಕೆಂಡ್ ಬೇಕು! ಟ್ಯಾಂಕ್‌ನ ಬಾರ್ ಇಳಿಯಲಿ ಆಮೇಲೆ ನೋಡೋಣ ಅಂತ ಕೂತರೆ ಸ್ಪೆಲ್ ಮುಗಿಯುವಾಗ ಹೆಣಕ್ಕೆ ಹೀಲ್ ಹಾಕಿದ ಹಾಗೆ. ಅದಕ್ಕೇ ದೊಡ್ಡ ರೇಡ್‌ಗಳಲ್ಲಿ ಕ್ಲೆರಿಕ್‌ಗಳು ಸರದಿ ಹಾಕಿಕೊಳ್ಳುತ್ತಿದ್ದರು. ಒಬ್ಬ ಶುರು ಮಾಡಿದ ಕೆಲವು ಸೆಕೆಂಡ್‌ಗೆ ಇನ್ನೊಬ್ಬ, ಅವನಾದ ಮೇಲೆ ಮತ್ತೊಬ್ಬ. ಟ್ಯಾಂಕ್‌ಗೆ ಏಟು ಬಿದ್ದಿದೆಯೋ ಇಲ್ಲವೋ ನೋಡುವಂತಿಲ್ಲ, ಸುಮ್ನೆ ತನ್ನ ಸರದಿಗೆ ಒತ್ತುವುದು. ನನ್ನ ಕೈಯಲ್ಲಂತೂ ಆಗುತ್ತಿರಲಿಲ್ಲ.

ಫೈನಲ್ ಫ್ಯಾಂಟಸಿ 14 ಅನ್ನೋ ಇನ್ನೊಂದು ಆಟದವರು ಈ ವ್ಯತ್ಯಾಸವನ್ನು ತಾವೇ ಒಪ್ಪಿಕೊಂಡುಬಿಟ್ಟಿದ್ದಾರೆ. 2021ರ ಎಂಡ್‌ವಾಕರ್ ವಿಸ್ತರಣೆಯಲ್ಲಿ ನಾಲ್ಕು ಹೀಲರ್‌ಗಳನ್ನು ಎರಡು ಪಾಲು ಮಾಡಿದರು: ವೈಟ್ ಮೇಜ್, ಆಸ್ಟ್ರಾಲಜಿಯನ್ ಇಳಿದದ್ದನ್ನು ತುಂಬಿಸುವವರು, ಸ್ಕಾಲರ್, ಸೇಜ್ ಮೊದಲೇ ಗುರಾಣಿ ಹಾಕುವವರು. ಹೊಸಬರಿಗೆ ಮೊದಲಿಂದ ಬೆಳೆಸಲು ಸಿಗುವುದು ಎರಡೇ. ಕಾಂಜುರರ್ ಆಗಿ ಶುರು ಮಾಡಿದರೆ ಲೆವೆಲ್ 30ಕ್ಕೆ ವೈಟ್ ಮೇಜ್. ಆರ್ಕನಿಸ್ಟ್ ಆಗಿ ಶುರು ಮಾಡಿದರೆ ಅಲ್ಲಿಂದ ಸ್ಕಾಲರ್ ಕೂಡ ಆಗಬಹುದು, ಡ್ಯಾಮೇಜ್ ಕೊಡುವ ಸಮನರ್ ಕೂಡ ಆಗಬಹುದು, ಎರಡರ ಲೆವೆಲ್ಲೂ ಒಟ್ಟಿಗೇ ಏರುತ್ತದೆ. ಸೇಜ್ ಶುರುವಾಗುವುದೇ ಲೆವೆಲ್ 70ರಿಂದ. ಒಂದೇ ಪಾತ್ರ ಎಲ್ಲವನ್ನೂ ಕಲಿಯಬಹುದಾದ್ದರಿಂದ ಇಲ್ಲಿ ತಪ್ಪು ಆರಿಸಿದರೂ ಹೊಸ ಪಾತ್ರ ಮಾಡಿಕೊಂಡು ಮತ್ತೆ ಮೊದಲಿಂದ ಹೊರಡಬೇಕಾಗಿಲ್ಲ.

ನಾನು ಅಲ್ಲಿ ವೈಟ್ ಮೇಜ್, ಬೇರೆ ಏನಾಗಲು ಸಾಧ್ಯ. ಬೆನಡಿಕ್ಷನ್ ಅಂತ ಒಂದಿದೆ, ಒತ್ತಿದರೆ ಒಬ್ಬನ ಹೆಲ್ತ್ ಸೊನ್ನೆಯ ಹತ್ತಿರದಿಂದ ಪೂರ್ತಿ ತುಂಬುತ್ತದೆ, ಮೂರು ನಿಮಿಷಕ್ಕೊಮ್ಮೆ ಮಾತ್ರ. ನಾನು ಅದನ್ನು "ಇನ್ನೂ ಕೆಟ್ಟ ಗಳಿಗೆಗೆ ಇರಲಿ" ಅಂತ ಉಳಿಸುತ್ತಾ ಉಳಿಸುತ್ತಾ ಎಷ್ಟೋ ಡಂಜನ್ ಒಂದು ಸಲವೂ ಒತ್ತದೆ ಮುಗಿಸಿದ್ದೇನೆ. ಟ್ಯಾಂಕ್ ಸತ್ತು ಬಿದ್ದಾಗಲೂ ಬಟನ್ ಮಾತ್ರ ಹೊಳೆಯುತ್ತಾ ಕೂತಿರುತ್ತಿತ್ತು. ಮೂರು ನಿಮಿಷಕ್ಕೆ ತಿರುಗಿ ಬರುವ ವಸ್ತುವನ್ನು ಗಂಟು ಕಟ್ಟಿಟ್ಟು ಏನು ಪ್ರಯೋಜನ ಅಂತ ಹೊಳೆಯಲು ನನಗೆ ಎರಡು ತಿಂಗಳು ಹಿಡಿಯಿತು. ಇನ್ನೊಂದು ವಿಷಯ, ಹೀಲರ್ ಅಂದರೆ ಬರೀ ಹೀಲ್ ಮಾಡುವುದು ಅಂದುಕೊಂಡು ಈ ಆಟಕ್ಕೆ ಹೋಗಬೇಡಿ. ಎಲ್ಲರೂ ಸರಿಯಾಗಿ ಆಡುತ್ತಿದ್ದರೆ ಹೀಲರ್‌ಗೆ ಬಿಡುವೇ ಜಾಸ್ತಿ, ಆ ಬಿಡುವಿನಲ್ಲಿ ಒಂದೇ ಅಟ್ಯಾಕ್ ಬಟನ್ ಒತ್ತುತ್ತಾ ಇರಬೇಕು. ಸುಮ್ಮನೆ ಕೈಕಟ್ಟಿ ನಿಂತರೆ ಜನ ಬೈಯುತ್ತಾರೆ.

ಒಬ್ಬರೇ ಕ್ವೆಸ್ಟ್ ಮಾಡುವಾಗ ಹೀಲರ್ ಕಷ್ಟ ಅನ್ನುವ ಮಾತು ಹಳೆಯದಾಯಿತು. ಹಿಂದೆ ವಾರ್‌ಕ್ರಾಫ್ಟ್‌ನಲ್ಲಿ ಹೀಲಿಂಗ್‌ನಿಂದ ಡ್ಯಾಮೇಜ್‌ಗೆ ಟ್ಯಾಲೆಂಟ್ ಬದಲಿಸಲು ಪ್ರತಿ ಸಲವೂ ದುಡ್ಡು ಕೊಡಬೇಕಿತ್ತು, ಅದು ಏರುತ್ತಾ 50 ಚಿನ್ನದ ನಾಣ್ಯದವರೆಗೂ ಹೋಗುತ್ತಿತ್ತು. ಈಗ ಜಗಳದಲ್ಲಿ ಇಲ್ಲದಾಗ ಬಿಟ್ಟಿಯಾಗಿ ಬದಲಿಸಬಹುದು. ಹಾಗಾಗಿ ಆ ಹೆದರಿಕೆ ಬಿಡಿ.

ಹೆದರಬೇಕಾದ್ದು ಕೈ ಬಗ್ಗೆ. ನಾನು ಮೊದಮೊದಲು ಸಹ ಆಟಗಾರನ ಬಾರ್ ಮೇಲೆ ಕ್ಲಿಕ್ ಮಾಡಿ, ಆಮೇಲೆ ಕೀ ಒತ್ತಿ, ಆಮೇಲೆ ಮತ್ತೆ ಬಾಸ್ ಮೇಲೆ ಕ್ಲಿಕ್ ಮಾಡಿ ಒದ್ದಾಡುತ್ತಿದ್ದೆ. ಮೌಸ್‌ಓವರ್ ಅಂತ ಒಂದು ವಿಧಾನ ಇದೆ: ಮೌಸ್ ಯಾರ ಬಾರ್ ಮೇಲಿದೆಯೋ ಕೀ ಒತ್ತಿದರೆ ಹೀಲ್ ಅವರಿಗೆ ಹೋಗುತ್ತದೆ, ಕ್ಲಿಕ್ಕೇ ಬೇಡ. ಕ್ಲಾಸ್, ಅಂದರೆ ಪಾತ್ರದ ಬಗೆ, ಆರಿಸುವ ಮೊದಲು ಇದನ್ನು ಹೊಂದಿಸಿಕೊಳ್ಳಿ, ಐದು ಬಾರ್‌ಗಳನ್ನು ತೆರೆಯ ಮೂಲೆಯಿಂದ ಎತ್ತಿ ನಿಮ್ಮ ಪಾತ್ರದ ಕಾಲ ಹತ್ತಿರ ಇಟ್ಟುಕೊಳ್ಳಿ. ಇಲ್ಲದಿದ್ದರೆ ನೀವು ಬಾರ್ ನೋಡುತ್ತಾ ಬೆಂಕಿಯಲ್ಲಿ ನಿಂತು ಸಾಯುತ್ತೀರಿ. ಹೀಲರ್ ಸಾಯುವುದು ಬಹುಪಾಲು ಹೀಗೇ. ನನ್ನ ಆ ಮೊದಲ ಡಂಜನ್‌ನ ಅರ್ಧ ತಪ್ಪು ಅಟೋನ್‌ಮೆಂಟ್‌ನದ್ದಾದರೆ ಇನ್ನರ್ಧ ಇದರದ್ದೇ.

ಸದ್ಯ ವಾರ್‌ಕ್ರಾಫ್ಟ್‌ಗೆ 2022ರಲ್ಲಿ ಬಂದ ಇವೋಕರ್ ಮೇಲೆ ಕಣ್ಣು ಬಿದ್ದಿದೆ. ಡ್ರ್ಯಾಗನ್ ಥರದ ಪಾತ್ರ, ಕೆಲವು ಸ್ಪೆಲ್‌ಗಳಿಗೆ ಕೀ ಒತ್ತಿ ಹಿಡಿದಷ್ಟೂ ಬಲ ಜಾಸ್ತಿ. ರಿವೈಂಡ್ ಅಂತ ಒಂದಿದೆ, ಈಗಷ್ಟೇ ಬಿದ್ದ ಏಟಿನ ಒಂದು ಭಾಗವನ್ನು ಹಿಂದಕ್ಕೆ ತಿರುಗಿಸುತ್ತದೆ. ಬಿದ್ದ ಮೇಲೆ ಓಡುವವನಿಗೆ ಇದಕ್ಕಿಂತ ಚೆಂದದ ಬಟನ್ ಉಂಟಾ? ತೊಂದರೆ ಏನೆಂದರೆ ಬೇರೆ ಹೀಲರ್‌ಗಳು 40 ಗಜ ದೂರದಿಂದ ಹೀಲ್ ಮಾಡಿದರೆ ಇದರ ಕೈಗೆ ಎಟುಕುವುದು 30 ಗಜ. ನಾನು ಜೊತೆಗೆ ಆಡುವ ಹಂಟರ್‌ಗೆ ಬಾಸ್‌ನಿಂದ ಎಷ್ಟು ದೂರ ಆಗುತ್ತೋ ಅಷ್ಟು ದೂರ ನಿಲ್ಲುವ ಚಟ. ಹತ್ತಿರ ನಿಲ್ಲು ಮಾರಾಯ ಅಂತ ಮೊನ್ನೆಯಿಂದ ಹೇಳುತ್ತಿದ್ದೇನೆ. ಅವನು ಶಾಮನ್ನೇ ಇರಲಿ ಬಿಡು ಅನ್ನುತ್ತಿದ್ದಾನೆ.