ಅಲೋಶಿಯಸ್ ಚಾಪೆಲ್‌ನಲ್ಲಿ ಅರ್ಧ ಗಂಟೆ

ಅಮ್ಮ ತೀರಿಕೊಂಡ ಮೇಲೆ ನಾನು ಕೃಷ್ಣ ಮಠದ ಒಳಗೆ ಕಾಲಿಟ್ಟಿಲ್ಲ. ಮನೆ ಉಡುಪಿಯಲ್ಲೇ, ಆದರೂ ರಥಬೀದಿಯಲ್ಲಿ ತಲೆ ತಗ್ಗಿಸಿ ನಡೆದುಬಿಡುತ್ತೇನೆ. ಕೋಪವೋ ನಾಚಿಕೆಯೋ ನನಗೇ ಗೊತ್ತಿಲ್ಲ.

ಹೋದ ವಾರ ಚಿಕ್ಕಮ್ಮನ ಜೊತೆ ಮಂಗಳೂರಿಗೆ ಹೋಗಿದ್ದೆ. ಬ್ಯಾಂಕಿನ ಕೆಲಸ ಬೇಗ ಮುಗಿಯಿತು. ಸುಮ್ನೆ ಬಿಸಿಲಲ್ಲಿ ಅಲೆಯುವುದೇಕೆ ಅಂತ ಹಂಪನಕಟ್ಟೆಯಿಂದ ಬಾವುಟಗುಡ್ಡೆ ಹತ್ತಿ ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಹೋದೆವು. ಏರಿನಲ್ಲಿ ಚಿಕ್ಕಮ್ಮ ಎರಡು ಸಲ ನಿಂತರು, ಎರಡು ಸಲವೂ ನನಗೇ ಬೈದರು.

ಒಳಗೆ ಗೋಡೆ, ಕಮಾನು, ಛಾವಣಿ ಎಲ್ಲಾ ಕಡೆ ಚಿತ್ರ. ಇಟಲಿಯಿಂದ ಬಂದ, ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಬ್ರದರ್ ಆಂಟೋನಿಯೋ ಮೊಸ್ಕೆನಿ 1899ರಿಂದ 1901ರವರೆಗೆ ಬಿಡಿಸಿದ್ದು. ಛಾವಣಿಯದು ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ, ಗೋಡೆಯದು ಫ್ರೆಸ್ಕೊ. ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು, ಒಣಗಿದರೆ ಮುಗಿಯಿತು, ತಪ್ಪಿದರೆ ಗಾರೆಯನ್ನೇ ಕೆರೆದು ತೆಗೆಯಬೇಕು. ನಾನು ಚಿತ್ರ ಬಿಡಿಸುವವನು, ಪೆನ್ಸಿಲ್‌ಗಿಂತ ರಬ್ಬರ್ ಜಾಸ್ತಿ ಸವೆಸುವವನು. ಅಷ್ಟು ಗಟ್ಟಿ ಮನಸ್ಸಿನಿಂದ ಗೋಡೆಗೆ ಕುಂಚ ಹಚ್ಚುವುದು ನನ್ನಿಂದಾಗದ ಮಾತು.

ಛಾವಣಿಯಲ್ಲಿರುವುದು ಸಂತ ಅಲೋಶಿಯಸ್‌ನ ಬದುಕು. ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆಗೆ ನಿಂತ ಹುಡುಗ. ಅದೇ ರೋಗ ತಗುಲಿ 1591ರಲ್ಲಿ ತೀರಿಕೊಂಡ, ಆಗ ಬರೀ 23 ವರ್ಷ. ಅಂದರೆ ಸಂತನಿಗೂ ವಾಸಿಯಾಗಲಿಲ್ಲ, ಅಲ್ವಾ? ಕೊನೆಗಾಲದಲ್ಲಿ ಅಮ್ಮ ಆಸ್ಪತ್ರೆ ಮಂಚದ ಕಂಬಿ ಹಿಡಿದುಕೊಂಡಿದ್ದರು. ನರ್ಸ್ ಬಂದು ಬೆರಳು ಒಂದೊಂದಾಗಿ ಬಿಡಿಸಬೇಕಿತ್ತು. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದರೂ ನನಗೆ ನೆನಪಾಗುತ್ತಿದ್ದದ್ದು ಆ ಕಂಬಿ ಮಾತ್ರ. ಚಿಕ್ಕಮ್ಮ ಮಾತ್ರ ಚಪ್ಪಲಿ ಬಿಟ್ಟಾಗಿನಿಂದ ಕೈಮುಗಿದೇ ನಿಂತಿದ್ದರು. ಅವರಿಗೆ ಯಾವ ದೇವರಾದರೂ ಆಗುತ್ತದೆ.

ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಅದಕ್ಕೇ ಕೆಳಗಿಳಿದು ಗಡ್‌ಬಡ್ ಐಸ್‌ಕ್ರೀಮ್ ಹೇಳಿ, ನೆನಪಿನಿಂದ ಬಿಡಿಸಲು ಕೂತೆ. ಮಲಗಿದ ರೋಗಿ ಬಂದ. ಕೈ ಬಂತು. ಆ ಕೈಯಲ್ಲಿ ಕಬ್ಬಿಣದ ಕಂಬಿಯೂ ಬಂತು, ಪ್ಲೇಗ್ ಕಾಲದ್ದಲ್ಲ, ನಮ್ಮ ವಾರ್ಡಿನದ್ದು. ಮೂರು ಸಲ ಅಳಿಸಿದೆ. ಮೂರು ಸಲವೂ ಅದೇ ಬಂತು. ಪಕ್ಕದಲ್ಲಿ ಸಂತನ ಜಾಗ ಖಾಲಿ.

"ಸ್ವಾಮಿ ಎಲ್ಲಿ ಮಾರಾಯಾ ಇದರಲ್ಲಿ?" ಚಿಕ್ಕಮ್ಮ ಬಗ್ಗಿ ನೋಡಿದರು.

"ಇನ್ನೂ ಬರಲಿಲ್ಲ ಚಿಕ್ಕಮ್ಮ."

ಅವರು ಏನೂ ಅನ್ನಲಿಲ್ಲ. ಕೈಯನ್ನು ಗುರುತು ಹಿಡಿದಿರಬೇಕು. ಕರಗುತ್ತಿದ್ದ ಗಡ್‌ಬಡ್ ಲೋಟವನ್ನು ಪುಸ್ತಕದಿಂದ ಆಚೆಗೆ ಸರಿಸಿದರು.