ಹಿಂದಕ್ಕೆ ಚಲಿಸಲೊಲ್ಲದ ಪ್ಲೇಹೆಡ್: ಇಡೀ ರಾತ್ರಿಯ ಯಕ್ಷಗಾನ ಸಂಕಲನದ ಪ್ರಗತಿ

ಚಿತ್ರವನ್ನು ಹಿಂದಕ್ಕೆ ಓಡಿಸುವ ಜೆ ಕೀಲಿ ಕೊನೆಗೂ ಮಾತು ಕೇಳುತ್ತಿದೆ. ಬಡಗುತಿಟ್ಟಿನ ಮೇಳವೊಂದರ ಇಡೀ ರಾತ್ರಿಯ ಆಟವನ್ನು ಕೆಡೆನ್‌ಲೈವ್ ಎಂಬ ವಿಡಿಯೊ ಸಂಕಲನ ತಂತ್ರಾಂಶದಲ್ಲಿ ಪ್ರಸಂಗದ ಸನ್ನಿವೇಶಗಳಿಗೆ ತಕ್ಕಂತೆ ಬಿಡಿಸಿಡುವ ಈ ಯೋಜನೆಯಲ್ಲಿ ಕಡತಗಳ ಜೋಡಣೆ, ಧ್ವನಿಯ ಹೊಂದಾಣಿಕೆ ಮುಂತಾದವು ವಾಡಿಕೆಯಂತೆ ಮುಗಿದವು. ಅವುಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ತೊಡಕೆಲ್ಲ ಇದ್ದದ್ದು ಟೈಮ್‌ಲೈನ್‌ನಲ್ಲಿ, ಅಂದರೆ ಇಡೀ ದಾಖಲೆಯನ್ನು ಹರಡಿಡುವ ಪಟ್ಟಿಯಲ್ಲಿ, ಈಗ ತೋರುತ್ತಿರುವ ಜಾಗವನ್ನು ಗುರುತಿಸುವ ಪ್ಲೇಹೆಡ್ ಗೆರೆಯನ್ನು ಹಿಂದಕ್ಕೆ ಒಯ್ಯುವುದರಲ್ಲಿ.

ಸೆಕೆಂಡಿಗೆ 25 ಫ್ರೇಮ್‌ಗಳಂತೆ 8 ಗಂಟೆಗಳ ಆಟವೆಂದರೆ 7,20,000 ಫ್ರೇಮ್‌ಗಳು. ಅಷ್ಟನ್ನೂ 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಹರಡಿದರೆ ಒಂದೊಂದು ಪಿಕ್ಸೆಲ್‌ನೊಳಗೆ 15 ಸೆಕೆಂಡುಗಳು ಅಡಗಿರುತ್ತವೆ, ಅಂದರೆ ಮೌಸ್ ಕೂದಲೆಳೆಯಷ್ಟು ಅಲುಗಿದರೂ ಹುಡುಕುತ್ತಿದ್ದ ಪದ್ಯ ಕೈತಪ್ಪಿರುತ್ತದೆ. ಆದ್ದರಿಂದ ಎಲ್ ಒತ್ತಿ ವೇಗವಾಗಿ ಮುಂದೆ ಓಡಿ, ದಾಟಿಹೋದದ್ದು ಗೊತ್ತಾದೊಡನೆ ಜೆ ಒತ್ತಿ ಹಿಂದೆ ಬಂದು, ಕೆ ಒತ್ತಿ ನಿಲ್ಲುವುದೇ ಸರಿಯಾದ ಕ್ರಮ. ಆದರೆ ಜೆ ಒತ್ತಿದಾಗಲೆಲ್ಲ ಚಿತ್ರ ಕಲ್ಲಿನಂತೆ ನಿಂತು, ಮನಸ್ಸು ಬಂದಾಗ ಒಮ್ಮೆಲೇ ಎಲ್ಲಿಗೋ ಜಿಗಿಯುತ್ತಿತ್ತು.

ಕಾರಣವಿದ್ದದ್ದು ತಂತ್ರಾಂಶದಲ್ಲಲ್ಲ, ಕಡತದ ಒಳರಚನೆಯಲ್ಲಿ. ಈ ದಾಖಲೆ ನೇರ ಪ್ರಸಾರಕ್ಕೆಂದು ಎಚ್.264 ಎಂಬ ವಿಧಾನದಲ್ಲಿ ಕುಗ್ಗಿಸಿ ಎನ್‌ಕೋಡ್ ಆದದ್ದು. ಎರಡು ಸೆಕೆಂಡಿಗೊಮ್ಮೆ ಮಾತ್ರ ಒಂದು ಪೂರ್ಣ ಚಿತ್ರ, ಅಂದರೆ ಐ-ಫ್ರೇಮ್, ಬರುತ್ತದೆ. ನಡುವಿನ 49 ಫ್ರೇಮ್‌ಗಳಲ್ಲಿ ಇರುವುದು ಅಕ್ಕಪಕ್ಕದ ಚಿತ್ರಗಳಿಗಿಂತ ಏನು ಬದಲಾಗಿದೆ ಎಂಬ ಲೆಕ್ಕವಷ್ಟೇ. ಮುಂದಕ್ಕೆ ಹೋಗುವಾಗ ಈ ಲೆಕ್ಕ ಸಲೀಸು. ಹಿಂದಕ್ಕೆ ಬರುವಾಗಲಾದರೋ 50ನೆಯ ಫ್ರೇಮ್ ತೋರಿಸಬೇಕೆಂದರೆ ಮೊದಲನೆಯದರಿಂದ ಬಿಡಿಸಿಕೊಂಡು ಬರಬೇಕು, 49ನೆಯದಕ್ಕೆ ಮತ್ತೆ ಮೊದಲಿನಿಂದಲೇ ಹೊರಡಬೇಕು. ಬಿಡಿಸಿದ್ದನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳದಿದ್ದರೆ ಎರಡು ಸೆಕೆಂಡಿನ 50 ಫ್ರೇಮ್‌ಗಳನ್ನು ಹಿಂದುಮುಂದಾಗಿ ತೋರಿಸಲು 1275 ಫ್ರೇಮ್‌ಗಳನ್ನು ಬಿಡಿಸಬೇಕಾಗುತ್ತದೆ. ಪ್ರೊಸೆಸರ್‌ನ ಫ್ಯಾನ್ ಚೆಂಡೆಗೆ ಪೈಪೋಟಿ ಕೊಡುತ್ತಿದ್ದುದು ಸುಮ್ಮನೆ ಅಲ್ಲ.

ಇದಕ್ಕೆ ಮದ್ದು ಪ್ರಾಕ್ಸಿ, ಅಂದರೆ ಸಂಕಲನದ ಹೊತ್ತಿಗಷ್ಟೇ ಮೂಲದ ಬದಲು ಬಳಸುವ ನಕಲು ಕಡತ. ಪ್ರಾಕ್ಸಿ ಎಂದರೆ ಚಿತ್ರವನ್ನು ಚಿಕ್ಕದು ಮಾಡುವುದೆಂಬ ನಂಬಿಕೆ ನಮ್ಮ ಹವ್ಯಾಸಿಗಳಲ್ಲಿ ಗಟ್ಟಿಯಾಗಿ ಕೂತಿದೆ. ಚಿಕ್ಕದಾದರೂ ಐ-ಫ್ರೇಮ್‌ಗಳ ನಡುವೆ ಅದೇ ಉದ್ದನೆಯ ಅಂತರವಿರುವ ಎಚ್.264 ಆಗಿದ್ದರೆ ಹಿಂದಕ್ಕೆ ಬರುವ ಸಂಕಟ ಕಡಿಮೆಯಾದೀತೇ ಹೊರತು ನೀಗುವುದಿಲ್ಲ. ಬೇಕಾದದ್ದು ಪ್ರತಿಯೊಂದು ಫ್ರೇಮ್ ತನ್ನ ಕಾಲ ಮೇಲೆ ತಾನೇ ನಿಲ್ಲುವ ಕೋಡೆಕ್, ಅಂದರೆ ವಿಡಿಯೊ ಕುಗ್ಗಿಸುವ ವಿಧಾನ. ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಅಂಥದ್ದು. ಅದನ್ನು 1080ರಲ್ಲೇ ಇಟ್ಟರೆ ಸೆಕೆಂಡಿಗೆ ಸುಮಾರು 36 ಮೆಗಾಬಿಟ್‌ನಂತೆ ಇಡೀ ಆಟಕ್ಕೆ 130 ಗಿಗಾಬೈಟ್ ಬೇಕು. ಅಗಲ, ಎತ್ತರ ಎರಡನ್ನೂ ಅರ್ಧಕ್ಕಿಳಿಸಿದರೆ ಸುಮಾರು ಕಾಲು ಭಾಗ ಸಾಕು. ವಿಡಿಯೊ ಪರಿವರ್ತಿಸುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ನ ಆಯ್ಕೆಗಳನ್ನು ಕೆಡೆನ್‌ಲೈವ್‌ನ ಪ್ರಾಕ್ಸಿ ಪ್ರೊಫೈಲ್‌ನಲ್ಲಿ ಬರೆದು, ರಾತ್ರಿ ಯಂತ್ರವನ್ನು ಅದರ ಪಾಡಿಗೆ ಬಿಟ್ಟೆ. ಈಗ ಜೆ ಒತ್ತಿದರೆ ವೇಷಧಾರಿ ತಾನು ಸುತ್ತಿದ ಧೀಂಗಿಣವನ್ನು ಅಷ್ಟೇ ನಯವಾಗಿ ತಿರುಗಿ ಬಿಚ್ಚುತ್ತಾನೆ.

ಇದಕ್ಕೆಂದು ತರಿಸಿದ ಎಸ್‌ಎಸ್‌ಡಿಯ ಮಾರಾಟಗಾರರು "ನಾಳೆ ಖಂಡಿತ" ಎಂಬ ಎರಡೇ ಪದಗಳ ಮೇಲೆ ವಾರಗಟ್ಟಲೆ ಕಥೆ ಬೆಳೆಸಿ, ಕೊನೆಗೆ ಕೇಬಲ್ ಇಲ್ಲದೆ ಕಳುಹಿಸಿದರು. ತಾಳಮದ್ದಳೆಯಲ್ಲಿ ಅರ್ಥಧಾರಿಗಳಾಗಿ ಅವರಿಗೆ ಒಳ್ಳೆಯ ಭವಿಷ್ಯವಿದೆ.

ಪ್ಲೇಹೆಡ್ ಸಲೀಸಾದ ಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು ಕಿವಿಯ ಬದಲು ವೇವ್‌ಫಾರ್ಮ್, ಅಂದರೆ ಧ್ವನಿಯ ಏರಿಳಿತದ ಗೆರೆಚಿತ್ರ, ಹೇಳತೊಡಗಿತು. ಮಾತುಗಾರಿಕೆ ನಡೆಯುವಲ್ಲಿ ಗೆರೆಗಳು ತೆಳುವಾಗಿ, ನಡುನಡುವೆ ಬಿಡುವಿನೊಂದಿಗೆ ಕಾಣುತ್ತವೆ. ಬಣ್ಣದ ವೇಷ ಅಬ್ಬರಿಸುತ್ತ ಬರುವಲ್ಲಿ ಚೆಂಡೆಯ ಪೆಟ್ಟುಗಳು ಒತ್ತೊತ್ತಾಗಿ ಸೇರಿ ಟ್ರ್ಯಾಕ್ ಪೂರ್ತಿ ತುಂಬುತ್ತದೆ. ಹೀಗೆ ಬದಲಾಗುವ ಪ್ರತಿ ಅಂಚಿನಲ್ಲೂ ಜಿ ಒತ್ತಿ ಗೈಡ್ ಎಂಬ ಗುರುತು ನೆಟ್ಟು ಸನ್ನಿವೇಶದ ಹೆಸರು ಬರೆದಿದ್ದೇನೆ. ಕಂಟ್ರೋಲ್ ಹಿಡಿದು ಬಾಣದ ಕೀಲಿ ಒತ್ತಿದರೆ ಒಡ್ಡೋಲಗದಿಂದ ಯುದ್ಧಕ್ಕೆ ನೇರವಾಗಿ ಹೋಗಬಹುದು. ಭಾಗವತರು ಪದ್ಯ ಎತ್ತಿಕೊಳ್ಳುವ ಜಾಗ ಮಾತ್ರ ಈ ಗೆರೆಗಳಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕೆ ಇಂದಿಗೂ ಕೇಳಿಯೇ ಹುಡುಕಬೇಕು.

ಹುಡುಕಿ ಹುಡುಕಿ ಬೆರಳು ನೋಯುತ್ತಿರುವುದರಿಂದ ಮುಂದಿನ ಯೋಜನೆ ಈಗಾಗಲೇ ಮೇಜಿನ ಮೇಲೆ ಬಂದಿದೆ: ಸ್ವಂತದ ಜಾಗ್ ಚಕ್ರ, ಅಂದರೆ ಕೈಯಿಂದ ತಿರುಗಿಸಿ ಪ್ಲೇಹೆಡ್ ಸರಿಸುವ ಚಕ್ರ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳಿಗೆ ಹಾಕುವ, ಒಂದು ಸುತ್ತಿಗೆ 100 ಪಲ್ಸ್ ಕೊಡುವ ಕೈಚಕ್ರವನ್ನು, ಯುಎಸ್‌ಬಿ ಕೀಬೋರ್ಡ್‌ನಂತೆ ನಟಿಸಬಲ್ಲ ಎಟಿಮೆಗಾ 32ಯು4 ಚಿಪ್ ಇರುವ ಬೋರ್ಡ್‌ಗೆ ಜೋಡಿಸಿದರೆ, ಪಲ್ಸಿಗೊಂದು ಫ್ರೇಮ್‌ನಂತೆ ಒಂದು ಸುತ್ತಿಗೆ ಸರಿಯಾಗಿ ನಾಲ್ಕು ಸೆಕೆಂಡು ಸರಿಯಬಹುದು. ಅಗ್ಗದ ಎನ್‌ಕೋಡರ್ ಗುಂಡಿಗಳು ಒಮ್ಮೆ ತಿರುಗಿಸಿದರೆ ಎರಡು ಸಲ ತಿರುಗಿದೆವೆಂದು ವರದಿ ಮಾಡುವುದರಿಂದ ಅವನ್ನು ಪೆಟ್ಟಿಗೆಗೆ ಮರಳಿಸಿದ್ದೇನೆ. ನಿಧಾನವಾಗಿ ತಿರುಗಿಸಿದಾಗ ಬರಿಯ ಬಾಣದ ಕೀಲಿಯನ್ನೂ, ಜೋರಾಗಿ ತಿರುಗಿಸಿದಾಗ ಶಿಫ್ಟ್ ಸೇರಿಸಿ ಒಂದೊಂದು ಸೆಕೆಂಡಿನ ಜಿಗಿತವನ್ನೂ ಕಳುಹಿಸುವಂತೆ ಪ್ರೋಗ್ರಾಂ ಬರೆಯುತ್ತಿದ್ದೇನೆ. ಎಷ್ಟು ವೇಗವನ್ನು ಜೋರು ಎನ್ನಬೇಕೆಂಬುದು ಚಕ್ರ ಕೈಗೆ ಬಂದ ಮೇಲೆ ತೀರ್ಮಾನವಾಗಬೇಕು.